ಬೆಂಗಳೂರಿನ ಕಲಾಕ್ಷೇತ್ರ, ಕಬ್ಬನ್ ಪಾರ್ಕ್, ಕುಮಾರಕೃಪಾ ರಸ್ತೆ: ನೋಡಲು ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಂದ ಬರುವ ನೆಂಟರು, ಹೊರದೇಶದಿಂದ ರಜಕ್ಕೆ ಬರುವ ಗೆಳೆಯರು, ಬೆಂಗಳೂರಿನಲ್ಲೇ ಹತ್ತು ವರ್ಷದಿಂದ ಇದ್ದೂ ಈ ಕಡೆ ಬಾರದವರು, ಎಲ್ಲರೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಬರೆದಿಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿಕೊಂಡರೂ ಸಾಕು.

## ಮೊದಲ ಸಲ ಬರುವವರಿಗೆ

"ಕಲಾಕ್ಷೇತ್ರದ ಕಡೆ ಹೋಗಿ ಬಾ ಅಂತಾರೆ. ಅದು ಎಲ್ಲಿಂದ ಎಲ್ಲಿಗೆ?"

ಇದಕ್ಕೆ ಒಂದು ಬಾಗಿಲು, ಒಂದು ಬೋರ್ಡು ಅಂತ ಇಲ್ಲ. ನಾನು ಹೇಳುವಾಗ ಮೂರು ಗುಂಪು ಮಾಡಿಕೊಳ್ಳುತ್ತೇನೆ.

ಮೊದಲನೆಯದು ಜೆ.ಸಿ. ರಸ್ತೆ. ಇಲ್ಲಿ ರವೀಂದ್ರ ಕಲಾಕ್ಷೇತ್ರ, ಅದರ ಹಿಂದೆ ಸಂಸ ಬಯಲು ರಂಗಮಂದಿರ, ಪಕ್ಕದಲ್ಲಿ ಕನ್ನಡ ಭವನ, ಅದರೊಳಗೆ ನಯನ ಸಭಾಂಗಣ ಇವೆ. ಇದೇ ರಸ್ತೆಯಲ್ಲಿ ಎ.ಡಿ.ಎ. ರಂಗಮಂದಿರವೂ ಇದೆ. ಐದಾರು ನಿಮಿಷ ನಡೆದರೆ ಪುಟ್ಟಣ್ಣ ಚೆಟ್ಟಿ ಪುರಭವನ. ನಾವೆಲ್ಲ ಟೌನ್ ಹಾಲ್ ಅನ್ನುವುದು ಅದನ್ನೇ.

ಎರಡನೆಯದು ಕಬ್ಬನ್ ಪಾರ್ಕಿನ ಅಂಚು, ಅಂದರೆ ಕಸ್ತೂರ್‌ಬಾ ರಸ್ತೆ. ಸರ್ಕಾರಿ ವಸ್ತುಸಂಗ್ರಹಾಲಯ, ವೆಂಕಟಪ್ಪ ಕಲಾ ಗ್ಯಾಲರಿ, ವಿಶ್ವೇಶ್ವರಯ್ಯ ಮ್ಯೂಸಿಯಂ ಮೂರೂ ಅಕ್ಕಪಕ್ಕದಲ್ಲಿವೆ. ಅದೇ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ ಎಂಬ ಕಲೆ ಮತ್ತು ಛಾಯಾಚಿತ್ರ ಮ್ಯೂಸಿಯಂ ಇದೆ.

ಮೂರನೆಯದು ಕುಮಾರಕೃಪಾ ರಸ್ತೆ. ಚಿತ್ರಕಲಾ ಪರಿಷತ್ತು, ಗಾಂಧಿ ಭವನ ಎರಡೂ ಅಲ್ಲೇ. ಅಲ್ಲಿಂದ ಸ್ವಲ್ಪ ದೂರ ನಡೆದರೆ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಶನ್‌ನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಸಿಗುತ್ತದೆ.

"ಒಂದೇ ದಿನದಲ್ಲಿ ಎಲ್ಲಾ ನೋಡಿ ಮುಗಿಸಬಹುದಾ?"

ಕಾಲಿಟ್ಟು ಬರಬಹುದು, ನೋಡಲು ಆಗುವುದಿಲ್ಲ. ಒಂದು ದಿನಕ್ಕೆ ಒಂದು ಗುಂಪು, ಸಂಜೆಗೆ ಒಂದು ನಾಟಕ. ಇಷ್ಟೇ ಇಟ್ಟುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದು. ಬೆಳಿಗ್ಗೆಯಿಂದ ನಾಲ್ಕು ಮ್ಯೂಸಿಯಂ ಸುತ್ತಿದವರು ಸಂಜೆ ಕಲಾಕ್ಷೇತ್ರದ ಕುರ್ಚಿಯಲ್ಲಿ ನಿದ್ದೆ ಹೋಗುತ್ತಾರೆ. ಪಾಪ, ಅವರ ತಪ್ಪೇನಿಲ್ಲ. ಆದರೆ ಈ ಜಾಗಗಳಲ್ಲಿ ನಿಜವಾಗಿ ಜೀವ ಇರುವುದು ಸಂಜೆ ಆರರ ಮೇಲೆ. ಆ ಹೊತ್ತಿಗೆ ಮೈಯಲ್ಲಿ ಕಸುವು ಉಳಿಸಿಕೊಂಡಿರಬೇಕು.

"ಯಾವ ದಿನ ಬಂದ್ರೆ ಒಳ್ಳೇದು?"

ಸೋಮವಾರ ಒಂದು ಬಿಟ್ಟು ಬನ್ನಿ. ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಮ್ಯಾಪ್, ತಾರಾಲಯ ಎಲ್ಲಕ್ಕೂ ಸೋಮವಾರ ರಜೆ. ನಮ್ಮ ಅತ್ತಿಗೆ ಒಂದು ಸಲ ಶಿವಮೊಗ್ಗದಿಂದ ರಾತ್ರಿ ಬಸ್ಸಿಗೆ ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಸೋಮವಾರ ಅನ್ನುವುದು ನಮಗ್ಯಾರಿಗೂ ಹೊಳೆದಿರಲಿಲ್ಲ. ಮುಚ್ಚಿದ ಗೇಟಿನ ಮುಂದೆ ನಿಂತಾಗ ಮಕ್ಕಳ ಮುಖ ನೋಡಲಾಗಲಿಲ್ಲ.

ಭಾನುವಾರಕ್ಕೆ ಎರಡು ಲಾಭ ಇದೆ. ಕಬ್ಬನ್ ಪಾರ್ಕಿನ ಒಳಗಿನ ರಸ್ತೆಗಳಲ್ಲಿ ಅವತ್ತು ವಾಹನ ಬಿಡುವುದಿಲ್ಲ, ಮಕ್ಕಳು ನಡುರಸ್ತೆಯಲ್ಲೇ ಓಡಾಡಬಹುದು. ಜೆ.ಸಿ. ರಸ್ತೆಯ ಗಾಡಿ ಬಿಡಿಭಾಗದ ಅಂಗಡಿಗಳಲ್ಲಿ ಹೆಚ್ಚಿನವು ಮುಚ್ಚಿರುತ್ತವೆ, ಹಾಗಾಗಿ ಫುಟ್‌ಪಾತಿನಲ್ಲಿ ನಡೆಯಲು ಜಾಗ ಇರುತ್ತದೆ. ವಾರದ ದಿನ ಅದೇ ಫುಟ್‌ಪಾತಿನಲ್ಲಿ ಸೀಟ್ ಕವರ್ ಹೊಲಿಯುವವರು, ಹಾರ್ನ್ ಹಾಕಿಸುವವರು ತುಂಬಿರುತ್ತಾರೆ.

ಇನ್ನೊಂದು ಮಾತು. ಹಳೇ ಕಟ್ಟಡಗಳಲ್ಲಿ ದುರಸ್ತಿಗೆ ಅಂತ ಒಂದು ಭಾಗವನ್ನೋ ಇಡೀ ಕಟ್ಟಡವನ್ನೋ ತಿಂಗಳುಗಟ್ಟಲೆ ಮುಚ್ಚುವುದು ಉಂಟು. ಹೊರಡುವ ಮುಂಚೆ ಒಂದು ಫೋನ್ ಮಾಡಿ, "ಇವತ್ತು ತೆಗೆದಿದೆಯಾ?" ಅಂತ ಕೇಳಿಕೊಂಡು ಬನ್ನಿ.

"ಮೆಟ್ರೋದಲ್ಲಿ ಬಂದ್ರೆ ಎಲ್ಲಿ ಇಳೀಬೇಕು? ಕಾರು ತರಬಹುದಾ?"

ಕಬ್ಬನ್ ಪಾರ್ಕಿನ ಕಡೆಗೆ ನೇರಳೆ ಮಾರ್ಗದ ಕಬ್ಬನ್ ಪಾರ್ಕ್ ಅಥವಾ ವಿಧಾನಸೌಧ ನಿಲ್ದಾಣ. ಮರಗಳ ನೆರಳಲ್ಲೇ ನಡೆದು ಹೋಗಬಹುದು. ಜೆ.ಸಿ. ರಸ್ತೆಗೆ ಹಸಿರು ಮಾರ್ಗದ ಕೆ.ಆರ್. ಮಾರುಕಟ್ಟೆ ನಿಲ್ದಾಣ ಹತ್ತಿರ, ಅಲ್ಲಿಂದ ಆಟೋ ಹಿಡಿಯಿರಿ. ಕುಮಾರಕೃಪಾ ರಸ್ತೆಗೆ ಮಾತ್ರ ಯಾವ ನಿಲ್ದಾಣವೂ ಕಾಲಳತೆಯಲ್ಲಿ ಇಲ್ಲ. ಮೆಜೆಸ್ಟಿಕ್‌ನಲ್ಲಿ ಇಳಿದು ಆಟೋದಲ್ಲಿ "ಶಿವಾನಂದ ಸರ್ಕಲ್ ಹತ್ತಿರ, ಚಿತ್ರಕಲಾ ಪರಿಷತ್" ಅನ್ನಿ.

ಬಸ್ಸಿನವರಿಗೆ ಕಾರ್ಪೊರೇಷನ್ ಸ್ಟಾಪ್ ಎಲ್ಲಕ್ಕಿಂತ ಅನುಕೂಲ, ಇಳಿದರೆ ಎದುರಿಗೇ ಟೌನ್ ಹಾಲ್. ಕಾರು ಮಾತ್ರ ಬೇಡ. ಕಲಾಕ್ಷೇತ್ರದ ಆವರಣದಲ್ಲಿ ಜಾಗ ಇದೆ, ಆದರೆ ಒಂದೇ ಸಂಜೆ ಎರಡು ಮೂರು ಕಾರ್ಯಕ್ರಮ ಬಿದ್ದರೆ ಅದು ಸಾಲುವುದಿಲ್ಲ.

"ಖರ್ಚು ಎಷ್ಟಾಗುತ್ತೆ?"

ತುಂಬಾ ಕಡಿಮೆ. ಸರ್ಕಾರಿ ಗ್ಯಾಲರಿಗಳ ಪ್ರವೇಶ ದರ ಒಂದು ಕಾಫಿ ತಿಂಡಿಯ ಬೆಲೆ ದಾಟುವುದಿಲ್ಲ. ಕಲಾಕ್ಷೇತ್ರ, ನಯನ, ಟೌನ್ ಹಾಲ್‌ನ ಎಷ್ಟೋ ಕಾರ್ಯಕ್ರಮಗಳಿಗೆ ಪ್ರವೇಶ ಉಚಿತ. ಖಾಸಗಿ ಮ್ಯೂಸಿಯಂಗಳಲ್ಲಿ, ದೊಡ್ಡ ನಾಟಕಗಳಲ್ಲಿ ಸ್ವಲ್ಪ ಜಾಸ್ತಿ.

## ದಿನವಿಡೀ ಸುತ್ತುವವರಿಗೆ

"ಚಿತ್ರಕಲೆ ನಂಗೆ ಅರ್ಥಾನೇ ಆಗಲ್ಲ. ಗ್ಯಾಲರಿಗೆ ಹೋಗಿ ಏನು ಮಾಡ್ಲಿ?"

ಇದನ್ನು ನಾಚಿಕೊಂಡು ಕೇಳುವವರೇ ಜಾಸ್ತಿ. ನಾಚಿಕೆಪಡುವಂಥದ್ದು ಏನೂ ಇಲ್ಲ. ವೆಂಕಟಪ್ಪ ಗ್ಯಾಲರಿಯಿಂದ ಶುರು ಮಾಡಿ. ಕೆ. ವೆಂಕಟಪ್ಪ ಮೈಸೂರು ಅರಮನೆಯ ಆಶ್ರಯದಲ್ಲಿ ಬೆಳೆದ ಕಲಾವಿದರು. ಕಲ್ಕತ್ತಾಗೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಹತ್ತಿರ ಕಲಿತವರು. ಮದುವೆಯಾಗಲಿಲ್ಲ, ಚಿತ್ರ ಬಿಟ್ಟರೆ ವೀಣೆ, ವೀಣೆ ಬಿಟ್ಟರೆ ಚಿತ್ರ ಅಂತ ಬದುಕಿದರು. 1965ರಲ್ಲಿ ತೀರಿಕೊಂಡರು.

ಅವರ ಊಟಿಯ ಜಲವರ್ಣ ಚಿತ್ರಗಳ ಮುಂದೆ ನಿಂತುಕೊಳ್ಳಿ. ಸುಮ್ನೆ ನಿಂತುಕೊಳ್ಳಿ, ಅರ್ಥ ಹುಡುಕಲು ಹೋಗಬೇಡಿ. ಮೊದಲು ಬೆಟ್ಟ ಕಾಣುತ್ತದೆ. ಒಂದು ನಿಮಿಷ ಬಿಟ್ಟು ನೋಡಿದರೆ ಮಂಜು ಕಾಣುತ್ತದೆ. ಇನ್ನೊಂದು ನಿಮಿಷಕ್ಕೆ, ಮಂಜು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತು ಅಂತ ನಿಮ್ಮ ಕಣ್ಣೇ ಹುಡುಕುತ್ತಿರುತ್ತದೆ. ಬೆಳಗಿನ ಜಾವ ಚಿಕ್ಕಮಗಳೂರಿನ ಘಾಟಿ ಹತ್ತಿದವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಒಂದು ಗ್ಯಾಲರಿಯಲ್ಲಿ ಮೂರು ಚಿತ್ರ ಹೀಗೆ ನೋಡಿದರೆ ಸಾಕು, ಮಿಕ್ಕಿದ್ದನ್ನು ನಡೆಯುತ್ತಾ ದಾಟಿ.

"ಸರ್ಕಾರಿ ಮ್ಯೂಸಿಯಂನಲ್ಲಿ ಒಂದೇ ಒಂದು ನೋಡೋಕೆ ಟೈಮ್ ಇದೆ. ಯಾವುದು?"

ಆತಕೂರಿನ ಕಲ್ಲು. ಎರಡು ಮಾತಿಲ್ಲ.

ಈ ಮ್ಯೂಸಿಯಂ ಶುರುವಾದದ್ದು 1865ರಲ್ಲಿ. ದೇಶದ ಹಳೆಯ ವಸ್ತುಸಂಗ್ರಹಾಲಯಗಳಲ್ಲಿ ಇದೂ ಒಂದು. ಆತಕೂರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಊರು. ಅಲ್ಲಿಂದ ಬಂದ ಈ ಶಾಸನ ಕ್ರಿ.ಶ. 949-950ರದ್ದು. ತಕ್ಕೋಲದ ಯುದ್ಧದಲ್ಲಿ ಮಣಲೆರ ಎಂಬ ವೀರ ಚೆನ್ನಾಗಿ ಕಾದಾಡಿದ. ಗಂಗರ ದೊರೆ ಬೂತುಗ ಮೆಚ್ಚಿ, ಏನು ಬೇಕು ಕೇಳು ಅಂದ. ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ದೊರೆಯ ಬೇಟೆನಾಯಿ ಕಾಳಿಯನ್ನು ಕೇಳಿದ. ಆಮೇಲೆ ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಕಾದಾಡಿತು, ಎರಡೂ ಸತ್ತವು. ಕಾಳಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಈ ಕಲ್ಲನ್ನು ಪೂಜೆ ಮಾಡದೆ ಊಟ ಮಾಡುವ ಪೂಜಾರಿಗೆ ನಾಯಿಯ ಪಾಪ ತಟ್ಟಲಿ ಅಂತ ಶಾಸನದಲ್ಲೇ ಬರೆದಿದ್ದಾರೆ.

ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಎದುರುಬದುರಾಗಿ ಇವೆ. ಬಗ್ಗಿ, ಹತ್ತಿರದಿಂದ ನೋಡಿ. ಸಾವಿರ ವರ್ಷದ ಹಿಂದೆ ನಮ್ಮ ಸೀಮೆಯ ಒಬ್ಬ ಮನುಷ್ಯನಿಗೆ ಅವನ ನಾಯಿ ಎಷ್ಟು ಬೇಕಾಗಿತ್ತು ಅನ್ನುವುದು ಅಷ್ಟು ಸಣ್ಣ ಜಾಗದಲ್ಲಿ ಕೂತಿದೆ.

"ಮಕ್ಕಳಿದ್ದಾರೆ. ಬೇಜಾರು ಮಾಡ್ಕೊಳ್ದೇ ಇರೋ ಜಾಗ ಯಾವುದು?"

ವಿಶ್ವೇಶ್ವರಯ್ಯ ಮ್ಯೂಸಿಯಂ. 1962ರಲ್ಲಿ ನೆಹರೂ ಉದ್ಘಾಟಿಸಿದ್ದು. ರೈಟ್ ಸಹೋದರರ 1903ರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿ ಅಲ್ಲಿದೆ. ಒತ್ತುವುದು, ತಿರುಗಿಸುವುದು, ಎಳೆಯುವುದು ಜಾಸ್ತಿ ಇರುವುದರಿಂದ ಮಕ್ಕಳು ಅಲ್ಲಿಂದ ಹೊರಡಲು ಒಪ್ಪುವುದಿಲ್ಲ. ಅರ್ಧ ದಿನ ಅದಕ್ಕೇ ಇಡಿ.

ಕುಮಾರಕೃಪಾ ಕಡೆ ಹೋದರೆ ಚಿತ್ರಕಲಾ ಪರಿಷತ್ತಿನ ತೊಗಲುಗೊಂಬೆಗಳನ್ನು ತೋರಿಸಿ. ತೊಗಲನ್ನು ಹದ ಮಾಡಿ, ತೆಳ್ಳಗೆ ಮಾಡಿ, ಉಳಿಯಿಂದ ಸಣ್ಣ ಸಣ್ಣ ತೂತು ಕೊರೆದು ಬಣ್ಣ ಹಾಕಿರುತ್ತಾರೆ. ಹಿಂದಿನಿಂದ ದೀಪ ಹಿಡಿದಾಗ ಆ ತೂತುಗಳೇ ಒಡವೆಯಾಗಿ ಹೊಳೆಯುತ್ತವೆ. ಪರಿಷತ್ತನ್ನು 1960ರಲ್ಲಿ ಕಟ್ಟಿದ ಎಂ.ಎಸ್. ನಂಜುಂಡರಾವ್ ಊರೂರು ತಿರುಗಿ ಇಂಥ ಗೊಂಬೆಗಳನ್ನು ಕೂಡಿಸಿದವರು. ಜವಾಹರಲಾಲ್ ನೆಹರೂ ತಾರಾಲಯವೂ ಅಲ್ಲಿಗೆ ದೂರವಲ್ಲ. ಕನ್ನಡದಲ್ಲೂ ಪ್ರದರ್ಶನ ಇರುತ್ತದೆ, ಟಿಕೆಟ್ ತೆಗೆಯುವಾಗ ಕೇಳಿ ತೆಗೆದುಕೊಳ್ಳಿ.

"ಅಪ್ಪ ಅಮ್ಮನಿಗೆ ಮಂಡಿ ನೋವು. ಎಲ್ಲಿಗೆ ಕರ್ಕೊಂಡು ಹೋಗ್ಲಿ?"

ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ. ಮೊದಲು ಅದು ಗಣಿ ಉದ್ಯಮಿಯೊಬ್ಬರ ಬಂಗಲೆ, 2009ರಲ್ಲಿ ಗ್ಯಾಲರಿಯಾಯಿತು. ದೊಡ್ಡ ಮರಗಳಿವೆ, ಕೂರಲು ಜಾಗ ಇದೆ, ಗದ್ದಲ ಇಲ್ಲ. ಒಂದು ಕೋಣೆ ನೋಡಿ ಹೊರಗೆ ಬಂದು ಮರದ ಕೆಳಗೆ ಕೂತು, ಮತ್ತೆ ಒಳಗೆ ಹೋಗಬಹುದು. ನಮ್ಮ ತಾಯಿ ಅಲ್ಲಿ ಚಿತ್ರ ನೋಡಿದ್ದಕ್ಕಿಂತ ಮರ ನೋಡಿದ್ದೇ ಹೆಚ್ಚು. ಅವತ್ತು ಅವರು ತುಂಬಾ ಖುಷಿಯಾಗಿದ್ದರು.

"ಊಟ ತಿಂಡಿಗೆ ಎಲ್ಲಿ?"

ಕಲಾಕ್ಷೇತ್ರದ ಹಿಂದಿನ ಕ್ಯಾಂಟೀನಿನಲ್ಲಿ ಕಾಫಿ. ತಿಂಡಿಗೆ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಹತ್ತಿರ. 1924ರಿಂದ ಇದೆ, ಕ್ಯೂ ಇದ್ದೇ ಇರುತ್ತದೆ. ಕಬ್ಬನ್ ಪಾರ್ಕಿನ ಕಡೆಯಿದ್ದರೆ ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸ್. ನಾಟಕ ಮುಗಿದ ಮೇಲೆ ಹಸಿವಾದರೆ ವಿ.ವಿ. ಪುರದ ತಿಂಡಿ ಬೀದಿಗೆ ಆಟೋ ಹತ್ತಿ.

## ನಾಟಕ ನೋಡುವವರಿಗೆ

"ಕಲಾಕ್ಷೇತ್ರಕ್ಕೆ ಹಗಲು ಹೊತ್ತು ಹೋದ್ರೆ ಬಾಗಿಲು ಹಾಕಿರುತ್ತೆ. ಹಾಗಾದ್ರೆ ನೋಡೋಕೆ ಏನಿದೆ?"

ಅದು ನೋಡುವ ಕಟ್ಟಡವಲ್ಲ, ಕೂರುವ ಕಟ್ಟಡ. ರವೀಂದ್ರನಾಥ ಟ್ಯಾಗೋರರ ನೂರನೇ ವರ್ಷದ ನೆನಪಿಗೆ ಕಟ್ಟಿ 1963ರಲ್ಲಿ ತೆರೆದರು. ಹಗಲು ನೀವು ನೋಡುವುದು ಹೊರಗಿನ ಗೋಡೆ ಮಾತ್ರ.

ಸಂಜೆ ಐದೂವರೆಗೆ ಬನ್ನಿ. ಮುಂದಿನ ಮೆಟ್ಟಿಲ ಮೇಲೆ ಕಾಲೇಜು ಹುಡುಗರು ಮಾತು ಕಂಠಪಾಠ ಮಾಡುತ್ತಿರುತ್ತಾರೆ. ಹಿಂದೆ ಅರ್ಧ ಬಣ್ಣ ಹಚ್ಚಿಕೊಂಡ ನಟ, ಮೀಸೆ ಅಂಟಿಸಿಕೊಂಡೇ ಕಾಫಿ ಕುಡಿಯುತ್ತಿರುತ್ತಾನೆ. ತುಟಿಗೆ ತಾಗದ ಹಾಗೆ ಲೋಟ ಎತ್ತಿ, ಮೀಸೆ ಒದ್ದೆಯಾಗದಂತೆ. ಬಿಳಿ ತಲೆಯ ಹಿರಿಯರು ಗುಂಪಾಗಿ ನಿಂತು ಯಾವುದೋ ಹಳೇ ಪ್ರಯೋಗದ ಬಗ್ಗೆ ಜಗಳ ಆಡುತ್ತಿರುತ್ತಾರೆ. ಆ ಜಗಳ ಕೇಳಿಸಿಕೊಳ್ಳಿ, ಪುಸ್ತಕದಲ್ಲಿ ಸಿಗದ ವಿಷಯಗಳು ಸಿಗುತ್ತವೆ. ಟೈಮ್ ಉಳಿದರೆ ಕನ್ನಡ ಭವನದ ಪುಸ್ತಕ ಮಳಿಗೆಗೆ ಒಂದು ಸುತ್ತು ಹೋಗಿ. ಸರ್ಕಾರಿ ಪ್ರಕಟಣೆಗಳು ಕಡಿಮೆ ಬೆಲೆಗೆ ಸಿಗುತ್ತವೆ, ಅದು ಸಂಜೆಗೆ ಮುಂಚೆಯೇ ಮುಚ್ಚುತ್ತದೆ.

"ಯಾವ ನಾಟಕ ಇದೆ ಅಂತ ಹೇಗೆ ಗೊತ್ತಾಗುತ್ತೆ?"

ದಿನಪತ್ರಿಕೆಯಲ್ಲಿ "ನಗರದಲ್ಲಿ ಇಂದು" ಥರದ ಅಂಕಣ ಬರುತ್ತದೆ, ಅದನ್ನು ಬೆಳಿಗ್ಗೆಯೇ ನೋಡಿ. ತಂಡಗಳು ವಾಟ್ಸಾಪಿನಲ್ಲಿ, ಫೇಸ್‌ಬುಕ್ಕಿನಲ್ಲಿ ಪೋಸ್ಟರ್ ಹಾಕುತ್ತವೆ. ಕೆಲವು ನಾಟಕಗಳ ಟಿಕೆಟ್ ಬುಕ್‌ಮೈಶೋದಲ್ಲಿ ಸಿಗುತ್ತದೆ. ಇದ್ಯಾವುದೂ ಬೇಡ ಅಂದರೆ ಕಲಾಕ್ಷೇತ್ರದ ಗೇಟಿನ ಹತ್ತಿರ ಬಂದು ಅಲ್ಲಿ ಕಟ್ಟಿರುವ ಬ್ಯಾನರ್‌ಗಳನ್ನು ಓದಿ. ಮುಂದಿನ ಒಂದು ವಾರದ ಪಟ್ಟಿ ಕಣ್ಣೆದುರೇ ಇರುತ್ತದೆ.

"ತಡವಾದ್ರೆ ಒಳಗೆ ಬಿಡ್ತಾರಾ?"

ಕಲಾಕ್ಷೇತ್ರದಲ್ಲಿ, ನಯನದಲ್ಲಿ ಸಾಮಾನ್ಯವಾಗಿ ಬಿಡುತ್ತಾರೆ. ಆದರೆ ಬಿಡುತ್ತಾರೆ ಅಂತ ತಡ ಮಾಡಬೇಡಿ. ಮೂರನೇ ಬೆಲ್ ಆದಮೇಲೆ ಕತ್ತಲಲ್ಲಿ ಮೊಬೈಲ್ ದೀಪ ಹಾಕಿಕೊಂಡು ಸೀಟು ಹುಡುಕುವವರಿಂದ ರಂಗದ ಮೇಲಿರುವವರಿಗೆ ಎಷ್ಟು ತೊಂದರೆ ಅನ್ನುವುದು ಒಂದು ಸಲ ರಂಗ ಹತ್ತಿದವರಿಗೆ ಗೊತ್ತು. ಜೆ.ಪಿ. ನಗರದ ರಂಗಶಂಕರದಲ್ಲಿ ಮಾತ್ರ ಷೋ ಶುರುವಾದ ಮೇಲೆ ಯಾರನ್ನೂ ಬಿಡುವುದಿಲ್ಲ. 2004ರಲ್ಲಿ ತೆರೆದಾಗಿನಿಂದ ಅದೇ ಶಿಸ್ತು. ಅದು ಜೆ.ಸಿ. ರಸ್ತೆಯಿಂದ ದೂರ, ಸಂಜೆಯ ಟ್ರಾಫಿಕ್ಕಿಗೆ ಒಂದು ಗಂಟೆ ಇಟ್ಟುಕೊಳ್ಳಿ.

"ನಿಮಗೆ ನಾಟಕದವರೆಲ್ಲ ಗೊತ್ತಲ್ವಾ? ಎರಡು ಪಾಸ್ ಕೊಡಿಸ್ತೀರಾ?"

ಇಲ್ಲ. ಗೆಳೆಯರಿಗೂ ಇದನ್ನೇ ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ಹವ್ಯಾಸಿ ತಂಡವೊಂದು ಒಂದು ನಾಟಕ ಮಾಡಬೇಕಾದರೆ ಎರಡು ತಿಂಗಳು ದಿನಾ ಸಂಜೆ ತಾಲೀಮು ನಡೆಯುತ್ತದೆ. ಹೆಚ್ಚಿನವರು ಆಫೀಸು ಮುಗಿಸಿ ಓಡಿ ಬರುವವರು. ಸಭಾಂಗಣದ ಬಾಡಿಗೆ, ಬೆಳಕಿನ ಸಾಮಾನು, ಸೆಟ್ಟು ಸಾಗಿಸುವ ಟೆಂಪೋ, ಪ್ರಸಾಧನ, ಎಲ್ಲರ ಊಟ, ಇವೆಲ್ಲ ಅವರ ಕೈಯಿಂದಲೇ ಹೋಗುತ್ತವೆ. ನಟರಿಗೆ ಸಂಭಾವನೆ ಅನ್ನುವುದು ಎಷ್ಟೋ ಸಲ ಕೊನೆಯಲ್ಲಿ ಕೊಡುವ ಒಂದು ಮಸಾಲೆ ದೋಸೆ.

ನಾವು ಸಿನಿಮಾದ ಪಾಪ್‌ಕಾರ್ನಿಗೆ ಮುನ್ನೂರು ಕೊಡುತ್ತೇವೆ, ನಾಟಕದ ನೂರೈವತ್ತರ ಟಿಕೆಟ್ಟಿಗೆ ಪಾಸ್ ಕೇಳುತ್ತೇವೆ. ಇದು ನನಗೆ ನಿಜಕ್ಕೂ ನೋವಾಗುವ ವಿಷಯ. ಟಿಕೆಟ್ ತೆಗೆದುಕೊಳ್ಳಿ, ಆಗುವುದಾದರೆ ಇನ್ನೊಬ್ಬರಿಗೂ ಒಂದು ತೆಗೆದುಕೊಡಿ.

"ಸಂಸ ಬಯಲು ರಂಗಮಂದಿರಕ್ಕೆ ಆ ಹೆಸರು ಯಾಕೆ?"

ಸಂಸ ಅನ್ನುವುದು ಮೈಸೂರು ಅರಸರ ಇತಿಹಾಸವನ್ನು ನಾಟಕ ಮಾಡಿದ ಲೇಖಕರೊಬ್ಬರ ಕಾವ್ಯನಾಮ. 1939ರಲ್ಲಿ ತೀರಿಕೊಂಡರು. ಬರೆದದ್ದರಲ್ಲಿ ನಮಗೆ ಉಳಿದ ನಾಟಕಗಳು ಕೆಲವೇ.

ಈ ಬಯಲಿಗೆ ಇನ್ನೊಂದು ನೆನಪೂ ಇದೆ. 1972ರಲ್ಲಿ ಬಿ.ವಿ. ಕಾರಂತರು ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಮೂರು ನಾಟಕಗಳನ್ನು ಆಡಿಸಿದರು. ಪರದೆ, ಚೌಕಟ್ಟು ಎಲ್ಲ ಬಿಟ್ಟು ಆಕಾಶದ ಕೆಳಗೆ ಹಾಡು, ಕುಣಿತ, ಗುಂಪು. ಕನ್ನಡ ರಂಗಭೂಮಿಯ ಹೊಸ ಅಲೆಯ ಬಗ್ಗೆ ಮಾತಾಡುವವರು ಇವತ್ತಿಗೂ ಅಲ್ಲಿಂದಲೇ ಶುರು ಮಾಡುತ್ತಾರೆ. ಕಲ್ಲಿನ ಮೆಟ್ಟಿಲ ಮೇಲೆ ಕೂರಬೇಕು, ಒಂದು ಟವೆಲ್ ತನ್ನಿ. ಡಿಸೆಂಬರ್, ಜನವರಿಯಲ್ಲಿ ಸ್ವೆಟರೂ ಬೇಕು.

## ಮತ್ತೆ ಮತ್ತೆ ಬರುವವರಿಗೆ

"ಚಿತ್ರಸಂತೆಗೆ ಬರಬೇಕು ಅಂತಿದೆ. ಯಾವಾಗ? ಏನಾದ್ರೂ ಕೊಳ್ಳೋಕೆ ಆಗುತ್ತಾ?"

ಜನವರಿಯ ಒಂದು ಭಾನುವಾರ. 2003ರಲ್ಲಿ ಶುರುವಾಯಿತು. ಅವತ್ತು ಕುಮಾರಕೃಪಾ ರಸ್ತೆಗೆ ವಾಹನ ಬಿಡುವುದಿಲ್ಲ. ಸಾವಿರಕ್ಕೂ ಹೆಚ್ಚು ಕಲಾವಿದರು ರಸ್ತೆಯ ಎರಡೂ ಬದಿಗೆ ಚಿತ್ರ ಹರಡಿಕೊಂಡು ಕೂರುತ್ತಾರೆ. "ಮನೆಗೊಂದು ಕಲಾಕೃತಿ" ಅನ್ನುವುದು ಅದರ ಘೋಷವಾಕ್ಯ. ನೂರು ರೂಪಾಯಿಗೂ ಸಿಗುತ್ತದೆ, ಲಕ್ಷದ್ದೂ ಇರುತ್ತದೆ.

ಬೆಳಿಗ್ಗೆ ಒಂಬತ್ತಕ್ಕೇ ಬನ್ನಿ. ಹನ್ನೊಂದರ ಮೇಲೆ ಜನ ನಿಮ್ಮನ್ನು ತಳ್ಳಿಕೊಂಡು ಹೋಗುತ್ತಾರೆ. ಇಷ್ಟವಾದ ಚಿತ್ರ ಕಂಡರೆ ಅಲ್ಲೇ ತೆಗೆದುಕೊಳ್ಳಿ, ವಾಪಸ್ ಬರುವಾಗ ನೋಡೋಣ ಅಂದರೆ ಆ ಜಾಗ ಮತ್ತೆ ಸಿಗುವುದಿಲ್ಲ. ಚೌಕಾಸಿ ಸ್ವಲ್ಪ ಮಾಡಬಹುದು, ಆದರೆ ತರಕಾರಿ ಮಾರ್ಕೆಟ್ಟಿನ ಹಾಗೆ ಅರ್ಧಕ್ಕೆ ಕೇಳಬೇಡಿ. ಕಲಬುರಗಿಯಿಂದ, ಧಾರವಾಡದಿಂದ ರೈಲಿನಲ್ಲಿ ಚಿತ್ರ ಹೊತ್ತು ತಂದು, ರಾತ್ರಿ ಮತ್ತೆ ಉಳಿದದ್ದನ್ನು ಹೊತ್ತು ಹೋಗುವವರು ಇರುತ್ತಾರೆ.

"ವೆಂಕಟಪ್ಪ ಗ್ಯಾಲರಿಗೆ ಕಲಾವಿದರು ಯಾಕೆ ಬೀದಿಗಿಳಿದಿದ್ರು?"

ಗ್ಯಾಲರಿಯನ್ನು ದತ್ತು ಯೋಜನೆಯಲ್ಲಿ ಖಾಸಗಿ ಪ್ರತಿಷ್ಠಾನಕ್ಕೆ ವಹಿಸುವ ಸರ್ಕಾರದ ನಿರ್ಧಾರವನ್ನು ಕಲಾವಿದರು 2016ರಲ್ಲಿ ವಿರೋಧಿಸಿದರು. ಹೊಸ ಕಲಾವಿದರು ಕಡಿಮೆ ಬಾಡಿಗೆಗೆ ಪ್ರದರ್ಶನ ಮಾಡಲು ನಗರದ ನಡುವೆ ಇದ್ದ ಜಾಗ ಅದು, ಹೋದರೆ ಮತ್ತೆ ಸಿಗುವುದಿಲ್ಲ ಅನ್ನುವುದು ಅವರ ಆತಂಕ. ಎರಡೂ ಕಡೆಯವರು ಕಟ್ಟಡ ಚೆನ್ನಾಗಿರಲಿ ಅಂತಲೇ ಹೇಳುತ್ತಿದ್ದರು. ನನ್ನ ಮಟ್ಟಿಗೆ ಕಲಾವಿದರು ಹೇಳಿದ್ದು ಸರಿ. ಮೊದಲ ಪ್ರದರ್ಶನಕ್ಕೆ ಬಾಡಿಗೆ ಕಟ್ಟಲಾಗದ ಹುಡುಗಿಗೆ ಊರಿನ ನಡುವೆ ಒಂದು ಗೋಡೆಯಾದರೂ ಸಿಗಬೇಕು.

"ಬೆಂಗಳೂರು ಕರಗ ನೋಡೋಕೆ ಎಲ್ಲಿ ನಿಂತ್ಕೋಬೇಕು?"

ಕರಗ ಹೊರಡುವುದು ತಿಗಳರ ಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ, ಚೈತ್ರ ಹುಣ್ಣಿಮೆಯ ರಾತ್ರಿ. ಟೌನ್ ಹಾಲ್‌ನಿಂದ ನಡೆದೇ ಹೋಗಬಹುದು. ಹೊರಡುವುದು ನಡುರಾತ್ರಿ ದಾಟಿದ ಮೇಲೆಯೇ. ದೇವಸ್ಥಾನದ ಬಾಗಿಲಲ್ಲಿ ವಿಪರೀತ ನೂಕುನುಗ್ಗಲು, ಮಕ್ಕಳಿದ್ದರೆ ಅಲ್ಲಿಗೆ ಹೋಗಬೇಡಿ. ಪೇಟೆಯ ಒಳಗಿನ ಬೀದಿಯಲ್ಲಿ ಯಾವುದಾದರೂ ಮನೆಯ ಜಗಲಿಯಲ್ಲಿ ಜಾಗ ಕೇಳಿ ನಿಂತುಕೊಳ್ಳಿ, ಇಲ್ಲ ಅನ್ನುವವರು ಕಡಿಮೆ. ಮೊದಲು ಕತ್ತಿ ಹಿಡಿದ ವೀರಕುಮಾರರು ಬರುತ್ತಾರೆ. ಹಿಂದೆಯೇ ಮಲ್ಲಿಗೆಯ ವಾಸನೆ ಬರುತ್ತದೆ, ಆಮೇಲೆ ಕರಗ. ದಾರಿಯಲ್ಲಿ ಅದು ಕಾಟನ್‌ಪೇಟೆಯ ಮಸ್ತಾನ್ ಸಾಬರ ದರ್ಗಾಕ್ಕೂ ಹೋಗುತ್ತದೆ.

"ನಮ್ಮೂರ ತಂಡದ ನಾಟಕ ಕಲಾಕ್ಷೇತ್ರದಲ್ಲಿ ಆಡಿಸಬೇಕು. ಏನು ಮಾಡ್ಬೇಕು?"

ಕಲಾಕ್ಷೇತ್ರ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯದ್ದು, ಬುಕಿಂಗ್ ಇಲಾಖೆಯ ಮೂಲಕವೇ. ಶನಿವಾರ, ಭಾನುವಾರ ಬೇಕಾದರೆ ತಿಂಗಳುಗಳ ಮುಂಚೆಯೇ ಕೇಳಿ. ಬಾಡಿಗೆಯ ಜೊತೆ ಠೇವಣಿಯೂ ಕಟ್ಟಬೇಕಾಗುತ್ತದೆ, ಲೆಕ್ಕ ಹಾಕುವಾಗ ಅದನ್ನು ಮರೆಯಬೇಡಿ. ಮೊದಲ ಸಲ ಬರುವ ತಂಡಕ್ಕೆ ನಾನು ನಯನವನ್ನೇ ಹೇಳುತ್ತೇನೆ. ಚಿಕ್ಕದು, ಇನ್ನೂರು ಜನ ಬಂದರೂ ತುಂಬಿದ ಹಾಗೆ ಕಾಣುತ್ತದೆ, ನಟರಿಗೆ ಧೈರ್ಯ ಬರುತ್ತದೆ. ದೊಡ್ಡ ಸಭಾಂಗಣದಲ್ಲಿ ಅದೇ ಇನ್ನೂರು ಜನ ಕಾಣುವುದೇ ಇಲ್ಲ.

ಸೆಟ್ಟು ತರುವ ಲಾರಿಗೆ ಬೆಂಗಳೂರಿನ ಒಳಗೆ ಬೆಳಿಗ್ಗೆ, ಸಂಜೆ ಓಡಾಡಲು ನಿರ್ಬಂಧ ಇದೆ. ಹಾಗಾಗಿ ಹಿಂದಿನ ರಾತ್ರಿಯೇ ಊರಿಂದ ಹೊರಟು ಬೆಳಕು ಹರಿಯುವ ಮುಂಚೆ ಜೆ.ಸಿ. ರಸ್ತೆ ಸೇರಿಕೊಳ್ಳಿ. ಸಾಮಾನು ಇಳಿಸಿದ ಮೇಲೆ ಹುಡುಗರನ್ನು ಒಂದೆರಡು ಗಂಟೆ ಮಲಗಲು ಬಿಡಿ.